ಕೆಜಿಎಫ್‌ಗೆ ಹೋಗ್ತೀರಾ? ಗಣಿ ನೋಡೋಕೆ ಅಂತ ಮಾತ್ರ ಹೋಗಬೇಡಿ

ಮೊದಲೇ ಹೇಳಿಬಿಡ್ತೀನಿ. ಕೆಜಿಎಫ್‌ನಲ್ಲಿ, ಅಂದ್ರೆ ಕೋಲಾರದ ಚಿನ್ನದ ಗಣಿ ಊರಿನಲ್ಲಿ, ಗಣಿಯೊಳಗೆ ಯಾರನ್ನೂ ಬಿಡೋದಿಲ್ಲ. ಟಿಕೆಟ್ ಇಲ್ಲ, ಗೈಡ್ ಇಲ್ಲ, ತಲೆಗೆ ಹೆಲ್ಮೆಟ್ ಹಾಕಿ ಲಿಫ್ಟಿನಲ್ಲಿ ಕೆಳಗೆ ಇಳಿಸೋದೂ ಇಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಈ ಎರಡು ಸಾಲು ಯಾರಾದರೂ ನನಗೆ ಮುಂಚೆಯೇ ಹೇಳಿದ್ದರೆ ಒಂದೂವರೆ ಸಾವಿರ ರೂಪಾಯಿ ಉಳಿಯುತ್ತಿತ್ತು. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ನಾನು ತುಮಕೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಜೊತೆಗೆ ಬಂದವನು ನನ್ನ ತಮ್ಮ. ಅವನಿಗೆ ಸಿನಿಮಾ ಹುಚ್ಚು, ನನಗೆ ಹಳೇ ಕಟ್ಟಡದ ಹುಚ್ಚು. ಮೂರು ದಿನ ರಜೆ ಒಟ್ಟಿಗೆ ಸಿಕ್ತು. ಆಷಾಢ ಮಾಸ, ಜೋರು ಗಾಳಿ. ಗಾಳಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಬೆಂಗಳೂರಿನಿಂದ ಸಂಜೆ ರೈಲಿಗೆ ಹೊರಟಿದ್ದೇ ಮೊದಲ ತಪ್ಪು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಹೊಟ್ಟೆಪಾಡಿಗೆ ಬೆಂಗಳೂರು ಹಿಡಿದರು. ಸಾವಿರಾರು ಜನ ಬೆಳಗ್ಗೆ ಕತ್ತಲಲ್ಲೇ ಎದ್ದು ರೈಲು ಹತ್ತಿ, ರಾತ್ರಿ ಮನೆ ಸೇರ್ತಾರೆ. ಸಂಜೆ ಮಾರಿಕುಪ್ಪಂ ಕಡೆಗೆ ಹೋಗುವ ಗಾಡಿ ಅಂದರೆ ಅದು ಅವರ ಗಾಡಿ. ನಾವು ಕೃಷ್ಣರಾಜಪುರದಲ್ಲಿ ಹತ್ತಿದೆವು. ಹತ್ತಿದೆವು ಅನ್ನೋದಕ್ಕಿಂತ ಹಿಂದಿನವರು ನೂಕಿದರು ಅನ್ನೋದೇ ಸರಿ. ನನ್ನ ಒಂದು ಕಾಲು ನೆಲದ ಮೇಲೆ, ಇನ್ನೊಂದು ಯಾರದೋ ಟಿಫಿನ್ ಕ್ಯಾರಿಯರ್ ಮೇಲೆ. ಮಾಲೂರು ಹೋಯಿತು, ಟೇಕಲ್ ಹೋಯಿತು, ಆಗಲೂ ನಿಂತೇ ಇದ್ದೆವು. ಸೀಟೆಲ್ಲ ದಿನಾ ಓಡಾಡುವ ಗುಂಪುಗಳಿಗೆ ಮೊದಲೇ ಹಂಚಿಹೋಗಿರುತ್ತೆ. ಮಧ್ಯೆ ಟವೆಲ್ ಹಾಸಿ ಇಸ್ಪೀಟು. ಅದರಲ್ಲಿ ತಪ್ಪೇನಿಲ್ಲ, ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ ಕಳೆಯುವವರು ಇನ್ನೇನು ಮಾಡ್ತಾರೆ. ಆದರೆ ಸುತ್ತಾಡೋಕೆ ಹೋಗುವ ನಾವು ಆ ಹೊತ್ತಿನಲ್ಲಿ ಅವರ ಮಧ್ಯೆ ತೂರಿಕೊಳ್ಳಬಾರದು. ಬೆಳಗ್ಗೆ ಹೊರಡಿ. ಬೆಳಗ್ಗೆ ಜನದ ಹರಿವು ಬೆಂಗಳೂರಿನ ಕಡೆಗೆ, ನೀವು ಎದುರು ದಿಕ್ಕಿಗೆ. ಕಾಲು ಚಾಚಿಕೊಂಡು ಹೋಗಬಹುದು.

ಬಂಗಾರಪೇಟೆ ದಾಟಿದ ಮೇಲೆ ಮಾತ್ರ ಆ ರೈಲು ನನಗೆ ಇಷ್ಟವಾಗೋಕೆ ಶುರುವಾಯ್ತು. ಮುಖ್ಯ ಲೈನು ಬಿಟ್ಟು ಗಣಿಗೋಸ್ಕರವೇ ಹಾಕಿದ ಹಳೇ ಕವಲು ದಾರಿ ಅದು. ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಒಂದೊಂದು ನಿಲ್ದಾಣದಲ್ಲೂ ಹತ್ತಿಪ್ಪತ್ತು ಜನ ಇಳಿದು ಕತ್ತಲಲ್ಲಿ ಕರಗಿಹೋಗ್ತಾರೆ. ಊರಿಗಾಂ ಬರುವ ಹೊತ್ತಿಗೆ ನಮಗೆ ಸೀಟು ಸಿಕ್ತು. ಇಳಿಯೋಕೆ ಎರಡು ನಿಮಿಷ ಇತ್ತು!

ರೂಮಿನ ಕತೆ ಬೇಗ ಮುಗಿಸ್ತೀನಿ, ನೆನಪಾದರೆ ಈಗಲೂ ಸಿಟ್ಟು ಬರುತ್ತೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಫೋನಿನಲ್ಲೇ ಬುಕ್ ಮಾಡಿದ್ದೆವು. 1,800 ಅಂದಿದ್ದವರು ನಾವು ಬ್ಯಾಗ್ ಕೆಳಗಿಟ್ಟ ಮೇಲೆ 2,400 ಅಂದರು. "ಶನಿವಾರದ ರೇಟು ಮೇಡಂ." ನಾವು ಹೋಗಿದ್ದು ಶುಕ್ರವಾರ. ರಾತ್ರಿ ಹನ್ನೆರಡು ದಾಟಿದರೆ ಶನಿವಾರ ಅಲ್ವಾ ಅನ್ನುವ ಲೆಕ್ಕ. ಕಳಿಸಿದ ಫೋಟೋದಲ್ಲಿ ಕಿಟಕಿಯಿಂದ ಗಣಿಯ ಕಬ್ಬಿಣದ ಗೋಪುರ ಕಾಣುತ್ತಿತ್ತು. ನಮ್ಮ ಕಿಟಕಿ ತೆಗೆದರೆ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕು. ಅವರ ಟ್ಯಾಂಕಿನಲ್ಲಾದರೂ ನೀರಿತ್ತು, ನಮ್ಮ ನಲ್ಲಿಯಲ್ಲಿ ಬೆಳಗ್ಗೆ ಆರಕ್ಕೆ ಮುಂಚೆ ಬರಲಿಲ್ಲ. ರಾತ್ರಿ ಕರೆಂಟೂ ಹೋಯ್ತು.

ಕತ್ತಲಲ್ಲಿ ಬೀಸಣಿಗೆ ಹಾಕಿಕೊಳ್ತಾ ತಮ್ಮನಿಗೆ ಪಾಠ ಮಾಡಿದೆ. "ಗೊತ್ತೇನೋ, 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ತಯಾರು ಮಾಡಿ ಮೊದಲು ಕೊಟ್ಟಿದ್ದು ಇದೇ ಊರಿಗೆ. 147 ಕಿಲೋಮೀಟರ್ ತಂತಿ ಎಳೆದು. ಬೆಂಗಳೂರಿಗೆ ಬಂದಿದ್ದು 1905ಕ್ಕೆ."

"ಹಂಗಾದ್ರೆ ಆವಾಗಲೇ ಬರಬೇಕಿತ್ತು ಅಕ್ಕ" ಅಂದ.

ಇನ್ನೊಂದು ವಿಷಯ. ಇಲ್ಲಿ ತಮಿಳರೇ ಜಾಸ್ತಿ. ಗಣಿ ಕೆಲಸಕ್ಕೆ ಅಂತ ಆರ್ಕಾಟ್ ಕಡೆಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ನಮ್ಮ ಆಷಾಢದ ಹೊತ್ತಿಗೇ ಅವರಿಗೆ ಆಡಿ ತಿಂಗಳು ಬರುತ್ತೆ. ಆಡಿ ಅಂದರೆ ಅಮ್ಮನ ಗುಡಿಗಳಲ್ಲಿ ಹಬ್ಬ. ನಮ್ಮ ರೂಮಿನ ಹಿಂದೇನೇ ಒಂದು ಮಾರಿಯಮ್ಮನ ಗುಡಿ. ಬೆಳಗ್ಗೆ ನಾಲ್ಕೂವರೆಗೆ ಮೈಕು ಶುರು. ನಿದ್ದೆ ಬೇಕು ಅನ್ನುವವರು ಆ ತಿಂಗಳು ತಪ್ಪಿಸಿ, ಇಲ್ಲಾ ಬಂಗಾರಪೇಟೆಯಲ್ಲೇ ಉಳಿದುಕೊಳ್ಳಿ. ಹದಿನೈದು ಕಿಲೋಮೀಟರ್ ಅಷ್ಟೆ. ನಾನು ಮಾತ್ರ ಎದ್ದು ಗುಡಿಗೆ ಹೋದೆ. ದೊಡ್ಡ ಹಂಡೆಯಲ್ಲಿ ಕೂಳು ಮಾಡಿದ್ದರು, ನಮ್ಮ ರಾಗಿ ಅಂಬಲಿ ಥರ, ಮಜ್ಜಿಗೆ, ಸಣ್ಣ ಈರುಳ್ಳಿ ಹಾಕಿ. ಸ್ಟೀಲ್ ಲೋಟ ತಂದಿರಲಿಲ್ಲ ಅಂತ ಒಬ್ಬ ಅಜ್ಜಿ ತಮ್ಮ ಲೋಟವನ್ನೇ ತೊಳೆದು ಕೊಟ್ಟರು.

ಇನ್ನು ಆ ಒಂದೂವರೆ ಸಾವಿರದ ಕತೆ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಆಟೋದವನು ತಾನೇ ಬಂದು ಮಾತಾಡಿಸಿದ. "ಗಣಿ ತೋರಿಸ್ತೀನಿ, ಸಿನಿಮಾ ಶೂಟಿಂಗ್ ಜಾಗ ತೋರಿಸ್ತೀನಿ, ಒಳಗೆ ನಮ್ಮವರೇ ಇದ್ದಾರೆ." ತಮ್ಮನ ಮುಖ ಅರಳಿತು. ನಾನು ಎರಡು ಸಲ ಕೇಳಿದೆ, ಒಳಗೆ ಅಂದ್ರೆ ಒಳಗೇನಾ? ಹೌದು ಮೇಡಂ, ಒಳಗೇನೇ. ಮೊದಲ ಗೇಟಿನಲ್ಲಿ ವಾಚ್‌ಮನ್ ಆಟೋ ನಿಲ್ಲುವ ಮುಂಚೆಯೇ ಕೈ ಅಡ್ಡ ಆಡಿಸಿದರು. ಎರಡನೇ ಗೇಟಿಗೆ ಬೀಗ. ಮೂರನೇದು ಗೇಟೇ ಅಲ್ಲ, ಕಾಂಪೌಂಡಿನಲ್ಲಿ ಒಂದು ಒಡಕು, ಅದರಾಚೆ ಮುಳ್ಳುಕಂಟಿ. ಅದರ ಮೂಲಕ ದೂರದ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಗೋಪುರ ತೋರಿಸಿ "ಅದೇ ನೋಡಿ ಗಣಿ" ಅಂದ. ಅದನ್ನ ರೈಲಿನಿಂದ ಬಿಟ್ಟಿಯಾಗಿಯೇ ನೋಡಬಹುದು.

ವಾಚ್‌ಮನ್ ಮೇಲೆ ನನಗೆ ಒಂಚೂರೂ ಬೇಜಾರಿಲ್ಲ. ವಯಸ್ಸಾದವರು, ಮಾತಾಡಿಸಿದರೆ ಪ್ರೀತಿಯಿಂದ ಮಾತಾಡಿದರು. "ಒಳಗೆ ಏನಿದೆ ಅಮ್ಮಾ, ನೀರೇ ಇರೋದು. ಬಿದ್ರೆ ತೆಗಿಯೋರೂ ಇಲ್ಲ." ಮುಚ್ಚುವ ಹೊತ್ತಿಗೆ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ 60 ಡಿಗ್ರಿ ಮೇಲೆ ಬಿಸಿ. ಭಾರಕ್ಕೆ ಬಂಡೆ ಇದ್ದಕ್ಕಿದ್ದಂಗೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಅನ್ನೋ ಇಂಗ್ಲಿಷ್ ಮಾತು ಇಲ್ಲಿನ ವಯಸ್ಸಾದವರ ಬಾಯಲ್ಲೂ ಸಲೀಸಾಗಿ ಬರುತ್ತೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡಿದರೆ ಕೆಳಗೆ ಏನೋ ಆಗಿದೆ ಅಂತ ಶಾಫ್ಟ್ ಕಡೆ ಓಡುತ್ತಿದ್ದರಂತೆ. ಇಂಥ ಜಾಗಕ್ಕೆ ಬೇಲಿ ಹಾರಿ ನುಗ್ಗೋ ಹುಡುಗರನ್ನ ಕಂಡರೆ ಅವರಿಗೆ ಎಷ್ಟು ಕೋಪ ಬರಬೇಡ. ದಯವಿಟ್ಟು ಆ ಕೆಲಸ ಮಾಡಬೇಡಿ.

ಆಮೇಲೆ ಆಟೋದವನು ನಮ್ಮನ್ನ ಸೈನೈಡ್ ಗುಡ್ಡಕ್ಕೆ ಕರ್ಕೊಂಡು ಹೋದ. ಫೋಟೋಗಳಲ್ಲಿ ಮರುಭೂಮಿ ಥರ ಕಾಣುತ್ತಲ್ಲ, ಅದೇ. ಅವು ಹುಟ್ಟು ಗುಡ್ಡಗಳಲ್ಲ. ಕಲ್ಲನ್ನ ಹಿಟ್ಟಿನ ಥರ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನ ನೂರಕ್ಕೂ ಹೆಚ್ಚು ವರ್ಷ ಸುರಿದು ಸುರಿದು ಆದ ರಾಶಿ. ಬೂದಿ ಬಣ್ಣ. ಮಳೆ ನೀರು ಹರಿದ ಕಡೆಯೆಲ್ಲ ಬೆರಳಲ್ಲಿ ಗೀಚಿದಂಥ ಗೆರೆ. ದೊಡ್ಡ ದೊಡ್ಡ ಜಾಗದಲ್ಲಿ ಹುಲ್ಲು ಕಡ್ಡಿಯೂ ಇಲ್ಲ. ಫೋಟೋಗೆ ಚೆನ್ನಾಗಿದೆ, ಒಪ್ತೀನಿ. ಆದರೆ ಆಷಾಢದ ಗಾಳಿ ಒಂದು ಸಲ ಬೀಸಿತು ನೋಡಿ, ಇಡೀ ಗುಡ್ಡದ ಮೇಲ್ಮೈ ಎದ್ದು ಬಂತು. ಕಣ್ಣು, ಮೂಗು, ಬಾಯಿ, ನನ್ನ ಸೀರೆ ನೆರಿಗೆ, ಎಲ್ಲದರಲ್ಲೂ ಪುಡಿ. ಎರಡು ದಿನ ಗಂಟಲು ಕೆರೆಯುತ್ತಿತ್ತು. ಪಕ್ಕದಲ್ಲೇ ಮನೆಗಳಿವೆ. ಅಲ್ಲಿನವರು ಪ್ರತಿ ವರ್ಷ ಈ ಗಾಳಿಯನ್ನ ಉಸಿರಾಡ್ತಾರೆ. ನಮಗೆ ಅದು ಸೆಲ್ಫಿ ಜಾಗ. ಹೋಗಲೇಬೇಕು ಅಂದ್ರೆ ಗಾಳಿಯಿಲ್ಲದ ತಿಂಗಳಲ್ಲಿ, ದೂರದಿಂದ ನೋಡಿ. ಚಿಕ್ಕ ಮಕ್ಕಳು ಜೊತೆಗಿದ್ದರೆ ಬೇಡವೇ ಬೇಡ.

ಅಲ್ಲೇ ತಮ್ಮ ಮುನ್ನೂರು ರೂಪಾಯಿ ಕೊಟ್ಟು ಒಂದು ಕಲ್ಲು ತಗೊಂಡ. ಆಟೋದವನು ಸೀಟಿನ ಕೆಳಗಿನಿಂದ ತೆಗೆದ. ಪೇಪರಿನಲ್ಲಿ ಸುತ್ತಿ ಇಟ್ಟಿದ್ದ. ಬಿಳಿ ಕಲ್ಲು, ಬಿಸಿಲಿಗೆ ಹಿಡಿದರೆ ಮಿಣಮಿಣ ಮಿಂಚು. "ಚಿನ್ನದ ಕಲ್ಲು ಸಾರ್, ಹೊರಗೆ ತೋರಿಸಬೇಡಿ." ನಾನು ಆ ಕಡೆ ಮುಖ ತೊಳೀತಾ ಇದ್ದೆ. ಇಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ.

ಈಗ ಒಳ್ಳೇ ಸುದ್ದಿ. ಚಾಂಪಿಯನ್ ರೀಫ್ಸ್ ಕಡೆ, ಗಣಿ ಕೆಲಸದವರ ಹಳೇ ಲೈನ್ ಮನೆಗಳ ಸಾಲಿನಲ್ಲಿ ಒಂದು ಇಡ್ಲಿ ಅಂಗಡಿ ಇದೆ. ಅಂಗಡಿ ಅಂದೆ, ಅದು ಮನೆಯ ಮುಂದಿನ ಜಗಲಿ. ಬೋರ್ಡಿಲ್ಲ. ಹಾಗಾಗಿ ಹೆಸರು ಹೇಳೋಕೆ ಆಗಲ್ಲ. ಬೆಳಗ್ಗೆ ಏಳಕ್ಕೆ ಮುಂಚೆ ಹೋಗಿ, ಸೌದೆ ಹೊಗೆ ಎಲ್ಲಿಂದ ಬರುತ್ತೆ ಅಂತ ನೋಡಿ, ಅಲ್ಲಿಗೆ ನಡೆಯಿರಿ. ಇಂಥವು ಆ ಕಡೆ ಒಂದಕ್ಕಿಂತ ಜಾಸ್ತಿ ಇವೆ, ಯಾವುದಕ್ಕೆ ಹೋದರೂ ಮೋಸವಿಲ್ಲ ಅನ್ನಿಸುತ್ತೆ. ನಮಗೆ ಸಿಕ್ಕಿದ್ದರ ಬಗ್ಗೆ ಹೇಳ್ತೀನಿ.

"ವಾಂಗಮ್ಮಾ, ಉಕ್ಕಾರುಂಗ" (ಬನ್ನಿ, ಕೂತ್ಕೊಳ್ಳಿ) ಅಂದರು ಆ ಅಮ್ಮ. ನಾನು ಕನ್ನಡದಲ್ಲಿ ಮಾತಾಡಿದ ತಕ್ಷಣ ಅವರೂ ಕನ್ನಡಕ್ಕೆ ಬಂದರು. ಮೂರು ಮಾತಿಗೆ ಒಂದು ತಮಿಳು, ಐದು ಮಾತಿಗೆ ಒಂದು ತೆಲುಗು, ಆದರೆ ಎಲ್ಲಾ ಅರ್ಥವಾಗುತ್ತೆ. ಕೂರೋಕೆ ಒಂದು ಉದ್ದದ ಹಲಗೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ನೋಡಿದೆ, ತಟ್ಟೆಯ ಗುಳಿಗಳ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಹಿಟ್ಟು ಹುಯ್ದಿದ್ದಾರೆ. ಎಣ್ಣೆ ಸವರುವ ಮಾತೇ ಇಲ್ಲ. ಬೆಂದ ಮೇಲೆ ಬಟ್ಟೆಯನ್ನ ಪೂರ್ತಿ ಎತ್ತಿ ಬಾಳೆಲೆ ಮೇಲೆ ಬೋರಲು ಹಾಕಿ, ಅಂಗೈಯಲ್ಲಿ ನೀರು ಚಿಮುಕಿಸಿ, ಮೆಲ್ಲಗೆ ಸುಲೀತಾರೆ. ಇಡ್ಲಿಯ ಬೆನ್ನ ಮೇಲೆ ನೇಯ್ಗೆಯ ಗೆರೆಗಳು ಅಚ್ಚೊತ್ತಿರುತ್ತವೆ. ನಮ್ಮ ತುಮಕೂರಿನ ತಟ್ಟೆ ಇಡ್ಲಿಯನ್ನ ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಆದರೆ ಇದು ಬೇರೆ ಜಾತಿ. ಬೆರಳಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತೆ.

ಅದಕ್ಕೆ ಎರಡು ಚಟ್ನಿ. ಬಿಳೀದು ತೆಂಗಿನಕಾಯಿ, ನೀರು ನೀರು, ಅಂಥಾ ವಿಶೇಷವಿಲ್ಲ. ಕೆಂಪು ಇದೆಯಲ್ಲ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಇಷ್ಟೇ, ಕಲ್ಲಿನಲ್ಲಿ ರುಬ್ಬಿದ್ದು. ಅದರ ಮೇಲೆ ಒಂದು ಚಮಚ ಕಾದ ಕಡಲೆಕಾಯಿ ಎಣ್ಣೆ ಹಾಕ್ತಾರೆ. ಮೊದಲ ತುತ್ತಿಗೆ ಕಿವಿಯಲ್ಲಿ ಗುಂಯ್ ಅಂತು. ನಾಲ್ಕನೇ ಇಡ್ಲಿಗೆ ಅಭ್ಯಾಸವಾಯ್ತು. ಆರನೇದಕ್ಕೆ ಇನ್ನಷ್ಟು ಹಾಕಿ ಅಂದೆ. ಜೊತೆಗೆ ಕಡಲೆಬೇಳೆ ವಡೆ, ಅದನ್ನ ಇಡ್ಲಿ ಜೊತೆ ಪುಡಿ ಮಾಡಿ ಮೇಲೆ ಸಾಂಬಾರು ಸುರಿದುಕೊಂಡು ತಿನ್ನೋದು ಅಲ್ಲಿನ ಪದ್ಧತಿ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಹೇಳಿಕೊಟ್ಟ. ಇಬ್ಬರಿಗೆ ಹೊಟ್ಟೆ ಬಿರಿಯ ತಿಂದು, ಟೀ ಕುಡಿದು, ಆದದ್ದು 110 ರೂಪಾಯಿ. ಮುಂದಿನ ಎರಡು ದಿನವೂ ಬೆಳಗ್ಗೆ ಅಲ್ಲಿಗೇ ಹೋದೆವು. ಒಂದು ಮಾತು: ಎಂಟೂವರೆ ಆದರೆ ಪಾತ್ರೆ ಖಾಲಿ, ಕೈ ತೊಳೆಯೋಕೆ ಚೊಂಬಿನ ನೀರು, ಚಿಲ್ಲರೆ ಇಟ್ಟುಕೊಂಡು ಹೋಗಿ.

ತಮ್ಮ ಆ ಕಲ್ಲನ್ನ ಹೊರಗೆ ತೆಗೆದು ತೋರಿಸಿದ. ಅಮ್ಮ ಕೈಯಲ್ಲಿ ತಗೊಂಡು ಒಂದೇ ಸಲ ತಿರುಗಿಸಿ ನೋಡಿ ನಕ್ಕರು. "ಕಾಗೆ ಬಂಗಾರ ಕಣಪ್ಪಾ." ಉಗುರಲ್ಲಿ ಕೆರೆದರು, ಹಪ್ಪಳದ ಥರ ಪದರ ಎದ್ದು ಬಂತು. ಕೆಜಿಎಫ್ ಕಲ್ಲಿನಲ್ಲಿ ಚಿನ್ನ ಹೀಗೆ ಮಿಂಚೋದಿಲ್ಲವಂತೆ. ಅವರ ಯಜಮಾನರು ಇಪ್ಪತ್ತಾರು ವರ್ಷ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಕಲ್ಲಿನಲ್ಲಿ ಚಿನ್ನ ಕಣ್ಣಾರೆ ಕಂಡಿದ್ದು ಬೆರಳೆಣಿಕೆಯಷ್ಟು ಸಲವಂತೆ. ಅದು ನಿಜವೇ ಇರಬೇಕು. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಅರೆದರೆ ನಾಲ್ಕು ಗ್ರಾಂ ಕೂಡ ಸಿಗುತ್ತಿರಲಿಲ್ಲ, ಖರ್ಚು ಹುಟ್ಟದೆ ಮುಚ್ಚಿದ್ದೇ ಅದಕ್ಕೆ. ಎಲ್ಲಾ ಸೇರಿ ಸುಮಾರು 800 ಟನ್ ಚಿನ್ನ ಈ ನೆಲದಿಂದ ಹೋಗಿದೆ. "ಎಲ್ಲಿಗೆ ಹೋಯ್ತೋ, ನಮ್ ಕುತ್ತಿಗೆಗಂತೂ ಬರಲಿಲ್ಲ" ಅಂತ ಆ ಅಮ್ಮ ತಮ್ಮ ಅರಿಶಿನ ದಾರ ಮುಟ್ಟಿ ತೋರಿಸಿದರು. ಯಜಮಾನರು ಒಳಗೆ ಕೆಮ್ಮುತ್ತಾ ಇದ್ದರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತ ಕೆಮ್ಮು. ಆ ಓಣಿಯಲ್ಲಿ ಅಂಥ ಕೆಮ್ಮು ಒಂದೇ ಮನೆಯದಲ್ಲ.

ಲೈನ್ ಮನೆಗಳ ಬಗ್ಗೆ ಒಂದು ಸೂಚನೆ. ಉದ್ದಕ್ಕೂ ಅಂಟಿಕೊಂಡ ಪುಟ್ಟ ಪುಟ್ಟ ಮನೆಗಳು, ಒಂದು ಗೋಡೆಗೆ ಎರಡು ಸಂಸಾರ. ಅಲ್ಲಿ ಜನ ಬದುಕಿದ್ದಾರೆ, ಅದು ಮ್ಯೂಸಿಯಂ ಅಲ್ಲ. ತಮ್ಮ ಕ್ಯಾಮೆರಾ ಎತ್ತಿದ್ದಕ್ಕೆ ಒಬ್ಬ ಚಿಕ್ಕ ಹುಡುಗಿ "ನೀವೂ ಸಿನಿಮಾದವರಾ?" ಅಂತ ಕೇಳಿದಳು. ಅವನು ಕ್ಯಾಮೆರಾ ಒಳಗಿಟ್ಟ. ಆ ಲೈನ್‌ಗಳಿಂದ ಹತ್ತು ನಿಮಿಷ ಮೇಲೆ ನಡೆದರೆ ಬ್ರಿಟಿಷರ ಬಂಗಲೆಗಳು. ಹೆಂಚಿನ ಮಾಡು, ಸುತ್ತ ವರಾಂಡ, ಮರಗಳು. ಒಂದು ಬಂಗಲೆಯ ಕಾಂಪೌಂಡಿನಲ್ಲಿ ಒಂದು ಇಡೀ ಲೈನ್ ಹಿಡಿಸುತ್ತೆ. ಕೆಜಿಎಫ್‌ಗೆ ಇದ್ದ ಲಿಟಲ್ ಇಂಗ್ಲೆಂಡ್ ಅನ್ನೋ ಹೆಸರು ಈ ಭಾಗಕ್ಕೆ ಮಾತ್ರ ಸಲ್ಲುತ್ತೆ, ಆ ಕಡೆಗಲ್ಲ. ಎರಡನ್ನೂ ಒಂದೇ ಬೆಳಗ್ಗೆ, ನಡೆದುಕೊಂಡೇ ನೋಡಿ. ಕೆಜಿಎಫ್‌ನಲ್ಲಿ ನೋಡಬೇಕಾದದ್ದು ಅಂತ ಇದ್ದರೆ ಅದು ಈ ಹತ್ತು ನಿಮಿಷದ ದಾರಿ. ಆಟೋ ಬೇಡ.

ನನ್ನ ಹುಚ್ಚಿಗೆ ಇನ್ನೊಂದು ಕಾರಣ ಇತ್ತು. 1965ರಲ್ಲಿ ಇದೇ ಗಣಿಯ ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಿಂದ ಬರುವ, ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೋ ಕಣಗಳನ್ನ ಪತ್ತೆ ಹಚ್ಚಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ್ದು. ಬೇರೆ ಕಣಗಳೆಲ್ಲ ಮೇಲಿನ ಬಂಡೆಯಲ್ಲೇ ತಡೆದು ನಿಲ್ಲಲಿ ಅಂತ ಅಷ್ಟು ಆಳಕ್ಕೆ ಇಳಿದಿದ್ದರು. ಇದನ್ನ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೀನಿ. ಅದರ ಗುರುತಿಗೆ ಒಂದು ಫಲಕ ಸಿಗುತ್ತೇನೋ ಅಂತ ಹುಡುಕಿದೆ. ನಮ್ಮ ಕಣ್ಣಿಗೆ ಬೀಳಲಿಲ್ಲ. ಕೇಳಿದವರೆಲ್ಲ ಸಿನಿಮಾ ಶೂಟಿಂಗ್ ಜಾಗದ ದಾರಿ ತೋರಿಸಿದರು.

ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಎಲ್ಲರೂ ಹೋಗಿ ಅಂತಾರೆ. ಕೋರಮಂಡಲ್ ಕಡೆಯಿಂದ ಹತ್ತಿರ. ನಾವು ಭಾನುವಾರ ಹೋದೆವು. 108 ಅಡಿಯ ಲಿಂಗ, ಎದುರಿಗೆ ದೊಡ್ಡ ನಂದಿ, ಸುತ್ತಲೂ ಭಕ್ತರು ಇಡಿಸಿದ ಲಿಂಗಗಳು, ಲೆಕ್ಕವೇ ಇಲ್ಲ. ಅದರ ಎರಡು ಪಟ್ಟು ಜನ. ಪಾರ್ಕಿಂಗ್‌ನಿಂದ ಹಿಡಿದು ಒಳಗಿನ ತನಕ ಭುಜಕ್ಕೆ ಭುಜ. ಇಪ್ಪತ್ತು ನಿಮಿಷದಲ್ಲಿ ಆಚೆ ಬಂದೆ. ನನ್ನ ಮಾತನ್ನ ಇಲ್ಲಿ ಪೂರ್ತಿ ನಂಬಬೇಡಿ, ನಾನು ಜಾತ್ರೆ ಅಂದರೆ ಓಡುವವಳು. ತಮ್ಮನಿಗೆ ಇಷ್ಟವಾಯ್ತು. ಜನ ಅಂದ್ರೆ ಖುಷಿ ಇರುವವರಿಗೆ, ಮಕ್ಕಳು ಜೊತೆಗಿರುವವರಿಗೆ ಒಳ್ಳೇ ಜಾಗವೇ. ವಾರದ ದಿನ ಹೋದರೆ ಬೇರೆ ಥರ ಇರಬಹುದು.

ಭಾನುವಾರದ ಉಳಿದ ಭಾಗ ಮಲಗಿದ್ದೆವು.

ಸೋಮವಾರ ಬೂದಿಕೋಟೆ. ಹೈದರ್ ಅಲಿ ಹುಟ್ಟಿದ ಊರು ಅನ್ನೋದು ಬಿಟ್ಟರೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಬಂಗಾರಪೇಟೆಗೆ ಬಂದು ಅಲ್ಲಿಂದ ಬಸ್ ಹಿಡಿಯಬೇಕು. ಆ ಬಸ್ಸಿನ ಬಗ್ಗೆ ಹೇಳದೆ ಇರೋಕೆ ಆಗಲ್ಲ. ಪ್ರೈವೇಟ್ ಬಸ್ಸು. ನಾವು ಹೋದಾಗ ಎಂಜಿನ್ ಚಾಲೂ ಇತ್ತು. ಕಂಡಕ್ಟರ್ "ಬನ್ನಿ ಬನ್ನಿ, ಹೊರಟೇಬಿಡ್ತು" ಅಂತ ಬಾಗಿಲು ತಟ್ಟುತ್ತಾ ಇದ್ದ. ಓಡಿ ಹತ್ತಿದೆವು. ಬಸ್ಸು ಹತ್ತಡಿ ಮುಂದೆ ಹೋಯಿತು, ನಿಂತಿತು. ಹತ್ತಡಿ ಹಿಂದೆ ಬಂತು. ಮತ್ತೆ ಹತ್ತಡಿ ಮುಂದೆ. ಪ್ರತಿ ಸಲವೂ ಹೊರಗಿನವರು ಗಾಬರಿಯಾಗಿ ಓಡಿ ಬಂದು ಹತ್ತುತ್ತಾರೆ. ಅದೇ ಅವನ ಉಪಾಯ. ಮುಕ್ಕಾಲು ಗಂಟೆ ಈ ತೊಟ್ಟಿಲಾಟ. ಹಿಂದಿನ ಸೀಟಿನ ಅಜ್ಜ ಮಾತ್ರ ಹತ್ತಿದ ತಕ್ಷಣ ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಗೊತ್ತಿದ್ದವರು! ಟಿಕೆಟ್ ತಗೊಂಡಾಗಿತ್ತು, ಇಳಿಯೋ ಹಾಗಿಲ್ಲ. ಅರ್ಧ ದಾರಿಯಲ್ಲಿ ಇನ್ನೊಂದು ಬಸ್ಸು ಬಂತು, ನಮ್ಮನ್ನೆಲ್ಲ ಅದಕ್ಕೆ ತುಂಬಿಸಿದರು. ಅಲ್ಲಿ ಸೀಟಿಲ್ಲ. ಬೂದಿಕೋಟೆ ಮುಟ್ಟಿದಾಗ ನಡು ಮಧ್ಯಾಹ್ನ, ಸುಡುವ ಬಿಸಿಲಲ್ಲಿ ಬೆಟ್ಟ ಹತ್ತಬೇಕು. ಇಬ್ಬರು ಮೂವರು ಇದ್ದರೆ ಬಂಗಾರಪೇಟೆಯಿಂದ ಆಟೋ ಮಾಡಿಕೊಳ್ಳಿ. ಹೋಗಿ ಬರೋಕೆ, ಕಾಯೋಕೆ ಎಷ್ಟು ಅಂತ ಮೊದಲೇ ಮಾತಾಡಿ.

ಕೋಟೆ ನನಗೆ ಬಹಳ ಹಿಡಿಸಿತು. ಅದಕ್ಕೆ ಕಾರಣ ಸುಲಭ, ಅಲ್ಲಿ ಯಾರೂ ಇರಲಿಲ್ಲ. ಬಂಡೆಗಳ ಮಧ್ಯೆ ಮುರಿದ ಗೋಡೆ, ಕೆಳಗೆ ಹೊಲ, ಮೇಯುತ್ತಿದ್ದ ಮೇಕೆಗಳು. ನೆರಳಿಲ್ಲ, ನೀರಿಲ್ಲ, ಅಂಗಡಿಯೂ ಇಲ್ಲ. ತಮ್ಮ "ಇದಕ್ಕಾ ಬಂದಿದ್ದು?" ಅಂದ. ಅವನ ಥರದವರು ಬೂದಿಕೋಟೆ ಬಿಟ್ಟು, ಕೋಲಾರದ ಸೋಮೇಶ್ವರ ಗುಡಿ, ಅಂತರಗಂಗೆ ನೋಡಿಕೊಳ್ಳಿ.

ಕಾರಿರುವವರಿಗೆ ಈ ಪಾಡೇ ಇಲ್ಲ. ಹೊಸಕೋಟೆಯಿಂದ ಬೇತಮಂಗಲದ ತನಕ ಹೊಸ ಎಕ್ಸ್‌ಪ್ರೆಸ್‌ವೇ ಆಗಿದೆ. ಬೇತಮಂಗಲದಲ್ಲಿ ಪಾಲಾರ್ ನದಿಯ ಕೆರೆ ಇದೆ, ಕೆಜಿಎಫ್‌ಗೆ ಕುಡಿಯೋ ನೀರು ಬರುತ್ತಿದ್ದದ್ದು ಅಲ್ಲಿಂದ. ಬೆಳಗ್ಗೆ ಹೋಗಿ ರಾತ್ರಿಗೆ ವಾಪಸ್ ಬರಬಹುದು. ಆಗ ರೂಮಿನ ಗೋಳೂ ಇರಲ್ಲ. ಆದರೆ ಇಡ್ಲಿ ತಪ್ಪುತ್ತೆ, ಅಷ್ಟು ಹೊತ್ತಿಗೆ ನೀವು ಹೊಸಕೋಟೆಯನ್ನೂ ದಾಟಿರಲ್ಲ.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ. ಬೆಂಗಳೂರಿನಲ್ಲಿ ಗಲ್ಲಿಗೊಂದು ಬಂಗಾರಪೇಟೆ ಚಾಟ್ಸ್ ಅಂತ ಬೋರ್ಡ್ ಇದೆಯಲ್ಲ, ಅದರ ತವರು. ಪಾನಿ ನೋಡಿದರೆ ಕುಡಿಯೋ ನೀರಿನ ಹಾಗೆ, ಬಣ್ಣವೇ ಇಲ್ಲ. ತಮ್ಮ "ಪಾನಿ ಹಾಕೋದು ಮರೆತುಬಿಟ್ರಿ, ಬರೀ ನೀರು ಹಾಕಿದ್ದೀರ" ಅಂತ ಅಂಗಡಿಯವರಿಗೆ ಹೇಳಿದ. ಅವರು ಏನೂ ಮಾತಾಡದೆ ತಿನ್ನಿ ಅಂತ ಸನ್ನೆ ಮಾಡಿದರು. ಒಂದು ಬಾಯಿಗೆ ಹಾಕಿಕೊಂಡ, ಕಣ್ಣಲ್ಲಿ ನೀರು. ನಾನು ಎರಡು ಪ್ಲೇಟ್ ತಿಂದೆ, ಅವನು ಮೂರು. ಸಂಜೆ ಹೊತ್ತಿಗೆ ಜನ ಮುತ್ತಿಕೊಳ್ತಾರೆ, ಐದರ ಒಳಗೇ ಹೋಗಿ. ಅಮ್ಮನಿಗೆ ಅಂತ ಪಾರ್ಸೆಲ್ ಕಟ್ಟಿಸಬೇಡಿ. ನಾವು ಕಟ್ಟಿಸಿದೆವು. ಪ್ಲಾಸ್ಟಿಕ್ ಚೀಲ ಟೇಕಲ್ ಹತ್ತಿರ ಒಡೆದು ಪಾನಿಯೆಲ್ಲ ತಮ್ಮನ ಬ್ಯಾಗಿಗೆ ಇಳಿಯಿತು. ಬಟ್ಟೆಯಲ್ಲಿ ಒಂದೂ ಕಲೆಯಿಲ್ಲ, ಆದರೆ ಎರಡು ಸಲ ಒಗೆದರೂ ಖಾರದ ವಾಸನೆ ಹೋಗಿಲ್ಲ.